ಕಂಪ್ಯೂಟರಿಗೆ ಪ್ರತ್ಯೇಕ ಸೌಂಡ್ ಕಾರ್ಡ್ ಬೇಕೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 1990ರ ದಶಕದ ಕೊನೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಅಂದಿನ ದರಪಟ್ಟಿಯ ಒಂದು ಸಾಲು ನೆನಪಿರಬಹುದು. ಪ್ರೊಸೆಸರ್, ಮದರ್‌ಬೋರ್ಡ್, ಹಾರ್ಡ್ ಡಿಸ್ಕ್‌ಗಳ ಕೆಳಗೆ ‘ಮಲ್ಟಿಮೀಡಿಯಾ ಕಿಟ್’ ಎಂಬ ಹೆಸರಿನಲ್ಲಿ ಸಿಡಿ ಡ್ರೈವ್, ಸೌಂಡ್ ಕಾರ್ಡ್ ಮತ್ತು ಒಂದು ಜೊತೆ ಸ್ಪೀಕರುಗಳಿಗೆ ಬೇರೆಯೇ ಬೆಲೆ ನಮೂದಾಗಿರುತ್ತಿತ್ತು. ಆ ಸಾಲನ್ನು ಕೈಬಿಟ್ಟರೆ ಕಂಪ್ಯೂಟರು ಬಹುಮಟ್ಟಿಗೆ ಮೂಕವೇ. ಇಂದಿನ ದರಪಟ್ಟಿಗಳಲ್ಲಿ ಆ ಸಾಲು ಇಲ್ಲ. ಧ್ವನಿಯ ವ್ಯವಸ್ಥೆ ಮದರ್‌ಬೋರ್ಡಿನಲ್ಲಿಯೇ ಅಡಗಿರುತ್ತದೆ. ಆದರೂ ಪ್ರತ್ಯೇಕ ಸೌಂಡ್ ಕಾರ್ಡುಗಳ ಮಾರಾಟ ನಿಂತಿಲ್ಲ. ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಒಂದು ಸಾಧಾರಣ ಪ್ರೊಸೆಸರಿನಷ್ಟು ಬೆಲೆಯವರೆಗಿನ ಕಾರ್ಡುಗಳು ಸಿಗುತ್ತವೆ. ಇವುಗಳ ಅಗತ್ಯ ಯಾರಿಗಿದೆ?

ಹಾಡು ಕೇಳುವ, ಸಿನಿಮಾ ನೋಡುವ, ಆಟವಾಡುವ ಬಹುತೇಕರಿಗೆ ಇಲ್ಲ. ಧ್ವನಿಯನ್ನು ಕಂಪ್ಯೂಟರಿನೊಳಗೆ ದಾಖಲಿಸಿಕೊಳ್ಳಬೇಕಾದವರಿಗೆ ಅಂತರ್ಗತ ವ್ಯವಸ್ಥೆ ಅನೇಕ ವೇಳೆ ಸಾಲದು. ಆದರೆ ಅವರಿಗೆ ಬೇಕಾದದ್ದೂ ಕ್ಯಾಬಿನೆಟ್ಟಿನೊಳಗೆ ಕೂರಿಸುವ ಕಾರ್ಡ್ ಅಲ್ಲ. ಈ ಎರಡು ಮಾತುಗಳಿಗೂ ವಿವರಣೆ ಅಗತ್ಯ.

ಬೀಪ್ ಸದ್ದಿನಿಂದ ಆರಂಭ

1981ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಪಿಸಿಯಲ್ಲಿ ಇದ್ದದ್ದು ‘ಬೀಪ್’ ಎನ್ನಲಷ್ಟೇ ಬಲ್ಲ ಪುಟ್ಟ ಸ್ಪೀಕರ್. 1987ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಆಡ್‌ಲಿಬ್ ಎಂಬ ಸಂಸ್ಥೆ ಯಮಾಹಾ ಕಂಪನಿಯ ವೈಎಂ3812 ಎಂಬ ಚಿಪ್ಪನ್ನು ಬಳಸಿ ಒಂದು ಕಾರ್ಡ್ ಮಾರುಕಟ್ಟೆಗೆ ತಂದಿತು. ಏಕಕಾಲಕ್ಕೆ ಒಂಬತ್ತು ಸ್ವರಗಳನ್ನು ನುಡಿಸುತ್ತಿದ್ದ ಅದು ಆಟಗಳಿಗೆ ಸಂಗೀತವನ್ನು ಒದಗಿಸಿತು. ಆದರೆ ಧ್ವನಿಮುದ್ರಿತ ಮಾತನ್ನು ಕೇಳಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಸಿಂಗಪುರದಲ್ಲಿ ಸಿಮ್ ವಾಂಗ್ ಹೂ 1981ರಲ್ಲಿ ಕಟ್ಟಿದ ಕ್ರಿಯೇಟಿವ್ ಸಂಸ್ಥೆ. ಅದು 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಆಡ್‌ಲಿಬ್‌ನ ಸಂಗೀತವನ್ನೂ ನುಡಿಸುತ್ತಿತ್ತು, ಮುದ್ರಿತ ಧ್ವನಿಯನ್ನೂ ಕೇಳಿಸುತ್ತಿತ್ತು. ಜೊತೆಗೆ ಜಾಯ್‌ಸ್ಟಿಕ್ ಸಿಕ್ಕಿಸಲು ಒಂದು ಕಿಂಡಿಯೂ ಇತ್ತು. 1992ರಲ್ಲಿ ಸೌಂಡ್ ಬ್ಲಾಸ್ಟರ್ 16 ಬಂದಿತು. ಅದೇ ವರ್ಷ ಆಡ್‌ಲಿಬ್ ದಿವಾಳಿಯಾಯಿತು. ಮುಂದಿನ ಹಲವು ವರ್ಷಗಳ ಕಾಲ ಇತರ ಕಂಪನಿಗಳ ಅಗ್ಗದ ಕಾರ್ಡುಗಳು ಕೂಡ ತಮ್ಮ ಡಬ್ಬಿಯ ಮೇಲೆ ‘ಸೌಂಡ್ ಬ್ಲಾಸ್ಟರ್ ಕಂಪ್ಯಾಟಿಬಲ್’ ಎಂದು ಬರೆದುಕೊಳ್ಳದೆ ವಿಧಿಯಿರಲಿಲ್ಲ.

ಈ ಸಾಮ್ರಾಜ್ಯಕ್ಕೆ ಪೆಟ್ಟು ಬಿದ್ದದ್ದು ಪೈಪೋಟಿಯ ಕಾರ್ಡಿನಿಂದಲ್ಲ. 1997ರಲ್ಲಿ ಇಂಟೆಲ್ ಕಂಪನಿ ‘ಎಸಿ 97’ ಎಂಬ ಮಾನದಂಡವನ್ನು ರೂಪಿಸಿತು. ಧ್ವನಿಗೆ ಸಂಬಂಧಿಸಿದ ಲೆಕ್ಕಾಚಾರವನ್ನು ಮದರ್‌ಬೋರ್ಡಿನ ಚಿಪ್‌ಸೆಟ್ ಹಾಗೂ ಪ್ರೊಸೆಸರಿಗೆ ವಹಿಸಿ, ಅಂಕಿಗಳನ್ನು ವಿದ್ಯುತ್ ಸಂಕೇತವನ್ನಾಗಿ ಬದಲಾಯಿಸುವ ಕೋಡೆಕ್ ಎಂಬ ಸಣ್ಣ ಚಿಪ್ಪನ್ನು ಮಾತ್ರ ಪ್ರತ್ಯೇಕವಾಗಿಡುವುದು ಅದರ ತಿರುಳು. ತೈವಾನಿನ ರಿಯಲ್‌ಟೆಕ್‌ನಂತಹ ಕಂಪನಿಗಳು ಇಂತಹ ಚಿಪ್ಪುಗಳನ್ನು ಅತಿ ಅಗ್ಗದ ದರಕ್ಕೆ ಮಾಡಿಕೊಟ್ಟವು. ಮೊದಲ ತಲೆಮಾರಿನ ಈ ಅಂತರ್ಗತ ಧ್ವನಿ ನಿಜಕ್ಕೂ ಕಳಪೆಯಾಗಿತ್ತು. ಮೌಸ್ ಅಲುಗಾಡಿಸಿದರೆ ಸ್ಪೀಕರಿನಲ್ಲಿ ಚಿರಿಚಿರಿ, ಹಾರ್ಡ್ ಡಿಸ್ಕ್ ತಿರುಗಿದರೆ ಗುರುಗುರು. ‘ಆನ್‌ಬೋರ್ಡ್ ಸೌಂಡ್ ಬೇಡ’ ಎಂಬ ಸಲಹೆ ಹುಟ್ಟಿದ್ದು ಆಗಲೇ. ಸಲಹೆ ಉಳಿದುಕೊಂಡಿತು, ಚಿಪ್ಪು ಬದಲಾಯಿತು.

2004ರಲ್ಲಿ ಇಂಟೆಲ್ ‘ಹೈ ಡೆಫಿನಿಷನ್ ಆಡಿಯೋ’ ಎಂಬ ಹೊಸ ಮಾನದಂಡವನ್ನು ತಂದಿತು. ಎಂಟು ಸ್ಪೀಕರುಗಳವರೆಗೆ, ಸೆಕೆಂಡಿಗೆ 1,92,000 ಮಾದರಿಗಳವರೆಗೆ ಧ್ವನಿಯನ್ನು ನಿಭಾಯಿಸಲು ಅದರಲ್ಲಿ ಅವಕಾಶವಿತ್ತು. 2007ರ ಜನವರಿಯಲ್ಲಿ ಸಾಮಾನ್ಯ ಗ್ರಾಹಕರಿಗೆ ಬಂದ ವಿಂಡೋಸ್ ವಿಸ್ತಾ, ಆಟಗಳ ಧ್ವನಿಯನ್ನು ನೇರವಾಗಿ ಕಾರ್ಡಿನ ಯಂತ್ರಾಂಶಕ್ಕೆ ಒಪ್ಪಿಸುತ್ತಿದ್ದ ಹಳೆಯ ದಾರಿಯನ್ನು ಮುಚ್ಚಿತು. ಅದಕ್ಕೂ ಎರಡು ವರ್ಷ ಮುನ್ನ, 2005ರಲ್ಲಿ, ಕ್ರಿಯೇಟಿವ್ ತನ್ನ ಅತಿ ಸಮರ್ಥ ಎಕ್ಸ್-ಫೈ ಕಾರ್ಡನ್ನು ತಂದಿತ್ತು. ಅದರ ಬಲವೆಲ್ಲ ಇದ್ದದ್ದು ಮುಚ್ಚಿಹೋದ ಆ ದಾರಿಯಲ್ಲಿಯೇ. ಕಂಪನಿ ಪ್ರತ್ಯೇಕ ತಂತ್ರಾಂಶ ಕೊಟ್ಟು ಹಳೆಯ ಆಟಗಳನ್ನು ಉಳಿಸಿಕೊಂಡಿತಾದರೂ ಪ್ರೊಸೆಸರಿನ ಹೊರೆ ಇಳಿಸಲು ಸೌಂಡ್ ಕಾರ್ಡ್ ಬೇಕು ಎಂಬ ವಾದಕ್ಕೆ ಅಂದಿನಿಂದ ನೆಲೆಯಿಲ್ಲದಂತಾಯಿತು. ಇಂದಿನ ಪ್ರೊಸೆಸರಿಗೆ ಧ್ವನಿಯ ಲೆಕ್ಕ ಗಮನಿಸಬೇಕಾದಷ್ಟು ದೊಡ್ಡ ಹೊರೆಯಲ್ಲ. ಹೆಡ್‌ಫೋನಿನಲ್ಲಿಯೇ ಸುತ್ತಣ ಧ್ವನಿಯ ಅನುಭವ ನೀಡುವ ವಿಂಡೋಸ್ ಸೋನಿಕ್‌ನಂತಹ ಸೌಲಭ್ಯಗಳು 2017ರಿಂದ ತಂತ್ರಾಂಶದ ರೂಪದಲ್ಲಿಯೇ ಲಭ್ಯವಿವೆ.

ಕಿವಿಗೆ ಎಷ್ಟು ಸಾಕು?

ಕಾರ್ಡುಗಳ ಜಾಹೀರಾತಿನಲ್ಲಿ ಎದ್ದು ಕಾಣುವುದು ಬಿಟ್ ಮತ್ತು ಕಿಲೋಹರ್ಟ್ಸ್‌ಗಳ ಸಂಖ್ಯೆ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತಾ ಬರುತ್ತದೆ. ಒಂದು ಸದ್ದನ್ನು ಸರಿಯಾಗಿ ಹಿಡಿದಿಡಲು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಮಾದರಿಗಳು ಸಾಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುವುದು ಇದೇ ಕಾರಣಕ್ಕೆ. ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ ಸಿಡಿಯ 16 ಬಿಟ್‌ಗಳು ಸುಮಾರು 96 ಡೆಸಿಬೆಲ್‌ಗಳಷ್ಟು ಏರಿಳಿತವನ್ನು ಹಿಡಿದಿಡುತ್ತವೆ. ಫ್ಯಾನು ತಿರುಗುವ, ಹೊರಗೆ ಆಟೋ ಓಡಾಡುವ ಕೋಣೆಯಲ್ಲಿ ಅಷ್ಟು ಏರಿಳಿತವನ್ನು ಸವಿಯುವುದೇ ಕಷ್ಟ.

ಸಿಡಿಗಿಂತ ಹೆಚ್ಚಿನ ಗುಣಮಟ್ಟವನ್ನು ಕಿವಿ ಗುರುತಿಸುವುದೇ ಎಂಬುದಕ್ಕೆ ಅಮೆರಿಕದ ಇ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರನ್ ನಡೆಸಿದ ಪರೀಕ್ಷೆ ಪ್ರಸಿದ್ಧವಾದುದು. 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಅದು ಪ್ರಕಟವಾಯಿತು. ಉನ್ನತ ಗುಣಮಟ್ಟದ ಧ್ವನಿಯನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಸಿಡಿಯ ಮಟ್ಟಕ್ಕೆ ಇಳಿಸಿ ಕೇಳಿಸಲಾಯಿತು. ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಿರಲಿಲ್ಲ. 554 ಸುತ್ತುಗಳಲ್ಲಿ ಸರಿಯುತ್ತರ ಬಂದದ್ದು 276 ಬಾರಿ, ಅಂದರೆ ನಾಣ್ಯ ಚಿಮ್ಮಿದಷ್ಟೇ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇಕಡ 52ರ ಆಸುಪಾಸಿನಲ್ಲಿತ್ತು. ತರಬೇತಿ ಪಡೆದ ಕಿವಿಗಳು ಇನ್ನಷ್ಟು ಚೆನ್ನಾಗಿ ಗುರುತಿಸಿದವು ಎಂಬುದೂ ನಿಜ. ಮನೆಯ ಕೇಳುಗನಿಗೆ ಇದು ಸಾವಿರಾರು ರೂಪಾಯಿ ತೆರಬೇಕಾದ ವ್ಯತ್ಯಾಸವೆನ್ನಲಾಗದು. ಆ ಹಣದಲ್ಲಿ ಒಳ್ಳೆಯ ಹೆಡ್‌ಫೋನ್ ಅಥವಾ ಸ್ಪೀಕರ್ ಕೊಂಡರೆ ಮನೆಮಂದಿಗೆಲ್ಲ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಮಾರಾಟಗಾರರು ಹೇಳುವುದು ಅಪರೂಪ. ಎಚ್‌ಡಿಎಂಐ ತಂತಿಯ ಮೂಲಕ ಟಿವಿಗೆ ಹೋಗುವ ಧ್ವನಿ ಅಂಕಿಗಳ ರೂಪದಲ್ಲಿಯೇ ಹೋಗುತ್ತದೆ. ಅದನ್ನು ಸದ್ದಾಗಿಸುವುದು ಟಿವಿ ಅಥವಾ ಸೌಂಡ್ ಬಾರ್. ಯುಎಸ್‌ಬಿ ಹೆಡ್‌ಸೆಟ್ ಹಾಗೂ ಬ್ಲೂಟೂತ್ ಇಯರ್‌ಬಡ್‌ಗಳಲ್ಲಿಯೂ ಪರಿವರ್ತಕ ಚಿಪ್ಪು ಅವುಗಳೊಳಗೇ ಇರುತ್ತದೆ. ಇವನ್ನು ಬಳಸುವವರು ಎಷ್ಟು ದುಬಾರಿ ಕಾರ್ಡ್ ಹಾಕಿಸಿದರೂ ಅದರ ಪರಿವರ್ತಕದ ಮೂಲಕ ಒಂದು ಸ್ವರವೂ ಹಾಯ್ದುಹೋಗುವುದಿಲ್ಲ.

ಗುಂಯ್ ಎನ್ನುವ ಸದ್ದು ಎಲ್ಲಿಯದು?

ಅನೇಕರು ಕಾರ್ಡ್ ಕೊಳ್ಳಲು ಹೊರಡುವುದು ಸ್ಪೀಕರಿನಲ್ಲಿ ನಿರಂತರವಾಗಿ ಬರುವ ಅನಗತ್ಯ ಸದ್ದಿನಿಂದ ಬೇಸತ್ತು. ಹಣ ಕೊಡುವ ಮುನ್ನ ಅದರ ಮೂಲವನ್ನು ಪತ್ತೆಹಚ್ಚುವುದು ಜಾಣತನ. ಮೊದಲು ಹೆಡ್‌ಫೋನನ್ನು ಕ್ಯಾಬಿನೆಟ್ಟಿನ ಮುಂಭಾಗದ ಕಿಂಡಿಯಿಂದ ತೆಗೆದು ಹಿಂಭಾಗದ ಹಸಿರು ಕಿಂಡಿಗೆ ಸಿಕ್ಕಿಸಿ ನೋಡಬೇಕು. ಮುಂದಿನ ಕಿಂಡಿಗೆ ಮದರ್‌ಬೋರ್ಡಿನಿಂದ ಹೋಗುವ ತೆಳು ತಂತಿಗೆ ಅನೇಕ ಕ್ಯಾಬಿನೆಟ್ಟುಗಳಲ್ಲಿ ಸರಿಯಾದ ಕವಚವೇ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡು ಮತ್ತು ವಿದ್ಯುತ್ ತಂತಿಗಳ ಪಕ್ಕದಲ್ಲಿ ಹಾಯುವಾಗ ಅವುಗಳ ಗದ್ದಲವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಹಿಂದಿನ ಕಿಂಡಿಯಲ್ಲಿ ಸದ್ದು ಮಾಯವಾದರೆ ಸಮಸ್ಯೆ ಬಗೆಹರಿಯಿತು, ಖರ್ಚಿಲ್ಲ.

ಹೆಡ್‌ಫೋನಿನಲ್ಲಿ ಧ್ವನಿ ಸ್ವಚ್ಛವಾಗಿದ್ದು ಆಂಪ್ಲಿಫೈಯರಿಗೆ ಜೋಡಿಸಿದಾಗ ಮಾತ್ರ ಗುಂಯ್ ಎಂದರೆ ಕಾರಣ ಬೇರೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಕಂಪಿಸುವಂಥದ್ದು. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿದ್ದು, ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸವಿದ್ದರೆ ಧ್ವನಿಯ ತಂತಿಯ ಮೂಲಕವೇ ಆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿದರೆ ಅನೇಕ ವೇಳೆ ಸದ್ದು ನಿಲ್ಲುತ್ತದೆ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ನೋಡಿದಾಗ ಕಾರಣ ತಿಳಿದುಬಿಡುತ್ತದೆ. ಈ ತೊಂದರೆಗೆ ಹೊಸ ಕಾರ್ಡ್ ಮದ್ದಲ್ಲ. ಗುಂಯ್ ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆಯುವವರೂ ಇದ್ದಾರೆ. ಇದು ಪ್ರಾಣಾಪಾಯಕ್ಕೆ ಆಹ್ವಾನ, ಎಂದಿಗೂ ಮಾಡಕೂಡದು.

ಇವೆಲ್ಲ ಆದ ಮೇಲೂ ಮದರ್‌ಬೋರ್ಡಿನ ಕಿಂಡಿಯಲ್ಲಿಯೇ ಚಿರಿಚಿರಿ ಉಳಿದರೆ ಪರಿವರ್ತಕವನ್ನು ಬೇರೆಡೆಗೆ ಸಾಗಿಸುವುದು ನ್ಯಾಯ. ಆದರೆ ಅದನ್ನು ಪುನಃ ಅದೇ ಕ್ಯಾಬಿನೆಟ್ಟಿನೊಳಗೆ, ಅದೇ ಪವರ್ ಸಪ್ಲೈಗೆ ಜೋಡಿಸಿ, ಗ್ರಾಫಿಕ್ಸ್ ಕಾರ್ಡಿನ ನೆರೆಯಲ್ಲಿ ಕೂರಿಸುವುದೇಕೆ? ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಬಾಹ್ಯ ಪರಿವರ್ತಕ ಆ ಗದ್ದಲದಿಂದ ದೂರವಿರುತ್ತದೆ. ಹೆಡ್‌ಫೋನ್ ಕಿಂಡಿಯಿಲ್ಲದ ಮೊಬೈಲುಗಳಿಗೆಂದು ಆಪಲ್ ಮಾರುವ ಯುಎಸ್‌ಬಿ-ಸಿ ಅಡಾಪ್ಟರಿನೊಳಗೆ ಇರುವುದೂ ಇಂತಹ ಪರಿವರ್ತಕವೇ. ಸಾಧಾರಣ ಹೆಡ್‌ಫೋನಿಗೆ ಅದು ಧಾರಾಳ ಸಾಕು. ಕಾರ್ಡಿನ ಹಾಗೆ ಒಂದೇ ಡೆಸ್ಕ್‌ಟಾಪಿಗೆ ಕಟ್ಟುಬೀಳದೆ ಲ್ಯಾಪ್‌ಟಾಪಿಗೂ ಮೊಬೈಲಿಗೂ ಆಗುತ್ತದೆ ಎಂಬುದು ಇನ್ನೊಂದು ಲಾಭ.

ಕೇಳುವವರಲ್ಲಿ ಅಪವಾದವಾಗಿ ನಿಲ್ಲುವವರು ಸ್ಟುಡಿಯೋ ದರ್ಜೆಯ ಹೆಡ್‌ಫೋನ್ ಉಳ್ಳವರು. ಸಾಮಾನ್ಯ ಹೆಡ್‌ಫೋನುಗಳ ವಿದ್ಯುತ್ ಪ್ರತಿರೋಧ 16ರಿಂದ 32 ಓಮ್ ಇದ್ದರೆ, ಸೆನ್‌ಹೈಸರ್ ಎಚ್‌ಡಿ 600ರಂತಹವುಗಳದ್ದು 300 ಓಮ್. ಇವನ್ನು ದುರ್ಬಲ ಕಿಂಡಿಗೆ ಜೋಡಿಸಿದರೆ ಸದ್ದು ಕ್ಷೀಣವಾಗಿ, ಪೂರ್ಣ ಏರಿಸಿದರೂ ತೃಪ್ತಿಯಾಗದು. ಇಂತಹವರಿಗೆ ಬಾಹ್ಯ ಹೆಡ್‌ಫೋನ್ ಆಂಪ್ಲಿಫೈಯರ್ ಅವಶ್ಯ. ಹಳೆಯ ಹೋಮ್ ಥಿಯೇಟರ್ ರಿಸೀವರಿಗೆ ಆಪ್ಟಿಕಲ್ ತಂತಿಯ ಮೂಲಕ ಆಟಗಳ 5.1 ಧ್ವನಿ ಕಳಿಸಬೇಕಾದವರಿಗೂ ‘ಡಾಲ್ಬಿ ಡಿಜಿಟಲ್ ಲೈವ್’ ಸೌಲಭ್ಯವುಳ್ಳ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಆ ತಂತಿ ಸಂಕುಚಿಸದ ಧ್ವನಿಯನ್ನು ಎರಡು ಚಾನೆಲ್‌ಗಳಿಗಷ್ಟೇ ಹೊರಬಲ್ಲದು. ಇಂತಹವರು ಬೆರಳೆಣಿಕೆಯಷ್ಟು.

ಒಳಬರುವ ಧ್ವನಿಯ ಕಥೆ ಬೇರೆ

ಹೊರಹೋಗುವ ಧ್ವನಿಯ ವಿಷಯದಲ್ಲಿ ಅಂತರ್ಗತ ವ್ಯವಸ್ಥೆ ಪಾಸಾಗುತ್ತದೆ. ಒಳಬರುವ ಧ್ವನಿಯಲ್ಲಿ ಅದು ಎಡವುತ್ತದೆ. ಮೈಕ್ರೊಫೋನಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು ಕ್ಷೀಣವಾದುದು. ಬಳಸಲು ಯೋಗ್ಯವಾಗಬೇಕಾದರೆ ಅದನ್ನು ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸಬೇಕು. ಜೊತೆಯಲ್ಲಿಯೇ ಮದರ್‌ಬೋರ್ಡಿನ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ‘ಮೈಕ್ ಬೂಸ್ಟ್’ ಏರಿಸಿದೊಡನೆ ಹಿನ್ನೆಲೆಯಲ್ಲಿ ಸುಯ್ ಎಂಬ ಸದ್ದು ಏಳುವುದು ಇದರಿಂದಲೇ. ಗಾಯಕರು ಬಳಸುವ ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟ್ ವಿದ್ಯುತ್ತನ್ನು ತಂತಿಯ ಮೂಲಕವೇ ಊಡಬೇಕು. ಕಂಪ್ಯೂಟರಿನ ಗುಲಾಬಿ ಕಿಂಡಿ ಕೊಡುವುದು ಕೆಲವೇ ವೋಲ್ಟ್. ಪಾಡ್‌ಕಾಸ್ಟ್, ಕೇಳುಪುಸ್ತಕ ಮಾಡುವವರು, ಮನೆಯಲ್ಲಿಯೇ ಹಾಡು ಮುದ್ರಿಸಿಕೊಳ್ಳುವವರು ಆಡಿಯೋ ಇಂಟರ್‌ಫೇಸ್ ಎಂಬ ಯುಎಸ್‌ಬಿ ಪೆಟ್ಟಿಗೆಯನ್ನು ಕೊಳ್ಳುವುದು ಇದಕ್ಕಾಗಿ. ಫೋಕಸ್‌ರೈಟ್, ಬೆಹ್ರಿಂಗರ್ ಮುಂತಾದ ಕಂಪನಿಗಳ ಇಂತಹ ಪೆಟ್ಟಿಗೆಗಳು ಕೆಲವು ಸಾವಿರ ರೂಪಾಯಿಗಳಿಂದ ಆರಂಭವಾಗುತ್ತವೆ. ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ತಡವಿಲ್ಲದೆ ಕೇಳಿಸಿಕೊಳ್ಳುವ ‘ಡೈರೆಕ್ಟ್ ಮಾನಿಟರ್’ ಸೌಲಭ್ಯವೂ ಬಹುತೇಕ ಪೆಟ್ಟಿಗೆಗಳಲ್ಲಿರುತ್ತದೆ. ಕಂಪ್ಯೂಟರಿನೊಳಗೆ ಹೋಗಿ ಬರುವ ಧ್ವನಿ ಕ್ಷಣದ ಭಾಗದಷ್ಟು ಹಿಂದೆ ಬಿದ್ದರೂ ತಾಳಕ್ಕೆ ಹಾಡುವವರಿಗೆ ಅದು ಕಿರಿಕಿರಿ.

2020ರ ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಇಳಿದ ಸಂಗೀತ ಶಿಕ್ಷಕರಿಗೆ ಇನ್ನೊಂದು ವಿಚಿತ್ರ ಎದುರಾಯಿತು. ಗುರುಗಳ ದನಿ ಕೇಳುತ್ತದೆ, ತಂಬೂರಿ ಮಾಯ! ಇಲ್ಲಿ ತಪ್ಪು ಕಂಪ್ಯೂಟರಿನ ಚಿಪ್ಪಿನದ್ದಲ್ಲ. ಸಭೆಗಳಿಗೆಂದು ರೂಪಿಸಿದ ತಂತ್ರಾಂಶಗಳು ಒಂದೇ ಸಮನೆ ಕೇಳಿಬರುವ ಸದ್ದನ್ನು ಫ್ಯಾನಿನ ಗದ್ದಲವೆಂದು ಭಾವಿಸಿ ಅಳಿಸಿಹಾಕುತ್ತವೆ. ತಂಬೂರಿಯ ಶ್ರುತಿ ಅದಕ್ಕೆ ಫ್ಯಾನಿನಂತೆಯೇ ಕಾಣುತ್ತದೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ಚಾಲನೆಗೊಳಿಸಿದರೆ ಶ್ರುತಿ ಮರಳುತ್ತದೆ. ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿರುವ ‘ಎನ್‌ಹ್ಯಾನ್ಸ್‌ಮೆಂಟ್’ಗಳನ್ನೂ ಆರಿಸಬೇಕು. ಇದು ತಿಳಿಯದೆ ಹೊಸ ಕಾರ್ಡ್ ಅಥವಾ ದುಬಾರಿ ಮೈಕ್ ಕೊಂಡರೂ ತಂಬೂರಿ ಕೇಳಿಸದು.

ಒಳಬರುವ ಧ್ವನಿಯ ಗುಣಮಟ್ಟ ಅತ್ಯಂತ ಮುಖ್ಯವಾಗುವುದು ಹಳೆಯ ಕ್ಯಾಸೆಟ್‌ಗಳ ವಿಷಯದಲ್ಲಿ. ಕರ್ನಾಟಕದ ಎಷ್ಟೋ ಮನೆಗಳ ಅಟ್ಟದಲ್ಲಿ 1980–90ರ ದಶಕಗಳ ಟೇಪುಗಳಿವೆ. ಮಾರಾಟಕ್ಕೆ ಬಂದ ಭಾವಗೀತೆಗಳ ಕ್ಯಾಸೆಟ್ ಕಳೆದರೆ ಚಿಂತೆಯಿಲ್ಲ, ಇನ್ನೊಬ್ಬರಲ್ಲಿ ಪ್ರತಿ ಸಿಕ್ಕೀತು. ಮದುವೆಯ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ, ಊರಿನಲ್ಲಿ ಯಾರೋ ಹಿಡಿದಿಟ್ಟ ತಾಳಮದ್ದಳೆಯ ಅರ್ಥಗಾರಿಕೆ, ಇವುಗಳ ಪ್ರತಿ ಜಗತ್ತಿನಲ್ಲಿ ಒಂದೇ. ಬೂಷ್ಟು ಹಿಡಿದ, ಅಂಟಿಕೊಂಡ ಟೇಪು ಒಂದೆರಡು ಬಾರಿ ಸರಿಯಾಗಿ ಓಡಿದರೆ ಪುಣ್ಯ. ಆ ಒಂದು ಓಟದಲ್ಲಿ ಧ್ವನಿ ಹೇಗೆ ಕಂಪ್ಯೂಟರಿಗೆ ಇಳಿಯಿತೋ ಮುಂದಿನವರಿಗೆ ಉಳಿಯುವುದು ಅದೇ.

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ತಂತಿ ಎಳೆದು ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಸಿಕ್ಕಿಸುವುದು. ಮಿಲಿವೋಲ್ಟ್‌ಗಳನ್ನು ನಿರೀಕ್ಷಿಸುವ ಕಿಂಡಿಗೆ ಅದರ ನೂರು ಪಟ್ಟು ಪ್ರಬಲ ಸಂಕೇತ ಬಂದರೆ ಧ್ವನಿಯ ತುದಿಗಳು ಕತ್ತರಿಸಿದಂತಾಗಿ ಒಡೆದು ಕೇಳುತ್ತವೆ. ಹೀಗೆ ಕತ್ತರಿಸಿಹೋದದ್ದನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿಸಲಾರದು. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಸಾಮಾನ್ಯವಾಗಿ ಮೋನೋ ಆದ್ದರಿಂದ ಸ್ಟೀರಿಯೋ ಟೇಪಿನ ಅರ್ಧ ಹೋದಂತೆಯೇ ಸರಿ. ನೂರಿನ್ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಅಡಾಪ್ಟರುಗಳಲ್ಲಿಯೂ ಇದೇ ದೋಷ. ಡೆಸ್ಕ್‌ಟಾಪಿನ ಹಿಂದೆ ನೀಲಿ ಬಣ್ಣದ ‘ಲೈನ್ ಇನ್’ ಕಿಂಡಿಯಿದ್ದರೆ ಅದು ಇಂತಹ ಸಂಕೇತಕ್ಕೆಂದೇ ಇರುವಂಥದ್ದು, ಕೆಲಸ ನಡೆಯುತ್ತದೆ. ಲ್ಯಾಪ್‌ಟಾಪುಗಳಲ್ಲಿ ಅದು ಬಹುತೇಕ ಕಣ್ಮರೆಯಾಗಿದೆ. ಆಗ ಎರಡು ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಕೊಳ್ಳುವುದು ಸಾರ್ಥಕ ಖರ್ಚು.

ಇಲ್ಲಿಯೂ ಯಂತ್ರದ ಬೆಲೆಗಿಂತ ಕ್ರಮ ಮುಖ್ಯ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯಿಂದ ಒರೆಸಬೇಕು. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಅತಿ ನಿಧಾನವಾಗಿ ತಿರುಗಿಸುತ್ತಾ, ಮಂಕಾಗಿ ಕೇಳುವ ಧ್ವನಿ ಸ್ಫುಟವಾಗುವ ಬಿಂದುವಿನಲ್ಲಿ ನಿಲ್ಲಿಸಬೇಕು. ಈ ಅಭ್ಯಾಸವನ್ನು ಮಾರುಕಟ್ಟೆಯ ಬೇರೊಂದು ಕ್ಯಾಸೆಟ್ಟಿನ ಮೇಲೆ ಮಾಡಿಕೊಂಡು, ಅಜ್ಜಿಯ ಟೇಪನ್ನು ಕೊನೆಗೆ ಹಾಕುವುದು ಕ್ಷೇಮ. ಒಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯ ಅತಿ ದೊಡ್ಡ ತುದಿಗಳೂ ಸೊನ್ನೆ ಗೆರೆಗಿಂತ ಆರರಿಂದ ಹತ್ತು ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಟ್ಟ ಹೊಂದಿಸಿ, 24 ಬಿಟ್‌ನಲ್ಲಿ ಮುದ್ರಿಸಿಕೊಳ್ಳಬೇಕು. ಕ್ಯಾಸೆಟ್ಟಿನಲ್ಲಿರುವ ಏರಿಳಿತ 60 ಡೆಸಿಬೆಲ್‌ನ ಆಸುಪಾಸಿನದ್ದು. ಅದಕ್ಕೆ 16 ಬಿಟ್ ಸಾಕಾದರೂ ಅನಿರೀಕ್ಷಿತವಾಗಿ ದನಿ ಏರಿದಾಗ ತುದಿ ಕತ್ತರಿಸದಂತೆ ಮಟ್ಟವನ್ನು ತಗ್ಗಿಸಿಡಲು 24 ಬಿಟ್ ಅವಕಾಶ ಕೊಡುತ್ತದೆ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ ಒಂದು ಗಂಟೆಯ ಸ್ಟೀರಿಯೋ ಧ್ವನಿಗೆ ಹೆಚ್ಚುಕಡಿಮೆ ಒಂದು ಜಿಬಿ ಜಾಗ ಬೇಕು.

ಸುಯ್ ಸದ್ದನ್ನು ತೆಗೆಯುವ, ದನಿಯನ್ನು ತಿದ್ದುವ ಕೆಲಸವನ್ನು ಪ್ರತಿಯೊಂದರ ಮೇಲಷ್ಟೇ ಮಾಡಿ, ಮೊದಲು ಇಳಿಸಿಕೊಂಡ ವೇವ್ ಕಡತವನ್ನು ಮುಟ್ಟದೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡುವುದು ಒಳಿತು. ಎಂಪಿ3 ಮಾಡಿ ನೆಂಟರಿಗೆಲ್ಲ ಕಳುಹಿಸುವುದು ಆಮೇಲಿನ ಕೆಲಸ.